ಕಲಿಕಾ ನ್ಯೂನತೆಯ ಮಗು ಮತ್ತು ಕಡ್ಡಾಯ ಅರೇಬಿಕ್: ಭಾಷಾ ವಿನಾಯಿತಿಯ ಹಾದಿ

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳ ನಡುವಿನ ಊರುಗಳಲ್ಲಿ ಬ್ಯಾರಿ ಕುಟುಂಬದ ಮಗುವಿನ ದಿನ ಸಾಮಾನ್ಯವಾಗಿ ಆರಂಭವಾಗುವುದು ಮದ್ರಸದಲ್ಲಿ. ಶಾಲೆಯ ಗಂಟೆ ಬಾರಿಸುವ ಮುನ್ನವೇ ಅದು ಬಲದಿಂದ ಎಡಕ್ಕೆ ಸಾಗುವ ಅರೇಬಿಕ್ ಅಕ್ಷರಗಳನ್ನು ಓದಿ ಬಂದಿರುತ್ತದೆ. ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎಡದಿಂದ ಬಲಕ್ಕೆ ಸಾಗುತ್ತವೆ. ಆರನೆಯ ತರಗತಿಯಲ್ಲಿ ತೃತೀಯ ಭಾಷೆ ಸೇರಿಕೊಂಡಾಗ, ಅದು ಹಿಂದಿಯಾದರೆ, ದೇವನಾಗರಿಯೂ ಬಂದು ಲಿಪಿಗಳ ಸಂಖ್ಯೆ ನಾಲ್ಕಕ್ಕೇರುತ್ತದೆ. ಮನೆಯಲ್ಲಿ ಆಡುವ ಬ್ಯಾರಿ ಮಾತು ಈ ಪಾಠದ ಭಾಷೆಗಳಲ್ಲಿ ಯಾವುದೂ ಅಲ್ಲ. ಬಹುಪಾಲು ಮಕ್ಕಳು ಇದನ್ನು ಹೇಗೋ ನಿಭಾಯಿಸುತ್ತಾರೆ. ನಿಭಾಯಿಸಲಾಗದ ಮಗುವನ್ನು ದಡ್ಡನೆಂದೋ ಸೋಮಾರಿಯೆಂದೋ ಕರೆದು ಮುಂದೆ ಸಾಗುವುದು ಇಂದಿಗೂ ರೂಢಿಯಲ್ಲಿದೆ.

ಓದಿನಲ್ಲಿ ಮಾತ್ರ ಎಡವುವ, ಉಳಿದೆಲ್ಲದರಲ್ಲಿ ಚುರುಕಾಗಿರುವ ಇಂತಹ ಮಗುವಿಗೆ ಭಾಷಾ ವಿಷಯವೊಂದರಿಂದ ವಿನಾಯಿತಿ ನೀಡುವುದು ಶಾಲೆಯ ಔದಾರ್ಯಕ್ಕೆ ಬಿಟ್ಟ ಸಂಗತಿಯಲ್ಲ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 17ನೆಯ ಕಲಮಿನಲ್ಲಿ ಇದರ ಪ್ರಸ್ತಾಪ ನೇರವಾಗಿಯೇ ಇದೆ. ಪಠ್ಯಕ್ರಮ ಹಾಗೂ ಪರೀಕ್ಷಾ ಪದ್ಧತಿಯಲ್ಲಿ ಮಗುವಿನ ಅಗತ್ಯಕ್ಕೆ ತಕ್ಕ ಮಾರ್ಪಾಡು ಮಾಡಬೇಕೆಂದು ಸರಕಾರಕ್ಕೆ ವಿಧಿಸುವ ಈ ಕಲಮು, ಹೆಚ್ಚುವರಿ ಸಮಯ ಮತ್ತು ಬರಹಗಾರನ ನೆರವಿನ ಜೊತೆಗೆ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿಯನ್ನೂ ಹೆಸರಿಸುತ್ತದೆ. ಅದರ ಹಿಂದಿನ 16ನೆಯ ಕಲಮು ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯವಾಗುವಂಥದ್ದು. ಕಲಿಕಾ ನ್ಯೂನತೆಯನ್ನು ಸಾಧ್ಯವಾದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕೆಂಬ ಕರ್ತವ್ಯವನ್ನು ಅದು ಶಾಲೆಗಳ ಮೇಲೆ ಹೊರಿಸುತ್ತದೆ.

ಇದಕ್ಕೆ ಮೊದಲು ಸ್ಥಿತಿ ಬೇರೆಯೇ ಇತ್ತು. 1995ರ ಅಂಗವಿಕಲರ ಅಧಿನಿಯಮವು ಗುರುತಿಸಿದ್ದು ಏಳು ಬಗೆಯ ವೈಕಲ್ಯಗಳನ್ನು ಮಾತ್ರ. ಕಲಿಕಾ ನ್ಯೂನತೆ ಅವುಗಳಲ್ಲಿ ಇರಲಿಲ್ಲ. ಒಂದೇ ಭಾಷೆಯನ್ನು ಓದುವ ಅವಕಾಶವನ್ನು ಆ ಕಾನೂನು ಹೇಳಿದ್ದುದು ಶ್ರವಣದೋಷವುಳ್ಳ ಮಕ್ಕಳ ವಿಷಯದಲ್ಲಿ. ಕಿವಿ ಕೇಳದ ಮಗುವಿಗೆ ಮೂರು ಭಾಷೆ ಹೊರೆ ಎಂಬುದು ಶಾಸನಕರ್ತರಿಗೆ ಅಂದೇ ಹೊಳೆದಿತ್ತು. ಕಿವಿ ಕೇಳುತ್ತಿದ್ದೂ ಅಕ್ಷರ ಕೈಗೆ ಹತ್ತದ ಮಗುವಿನ ಪಾಡು ಕಾನೂನಿನ ಕಣ್ಣಿಗೆ ಬೀಳಲು ಇನ್ನೂ 21 ವರ್ಷ ಬೇಕಾದವು. 2007ರಲ್ಲಿ ತೆರೆಕಂಡ ‘ತಾರೇ ಜಮೀನ್ ಪರ್’ ಹಿಂದಿ ಚಿತ್ರದಿಂದ ಡಿಸ್ಲೆಕ್ಸಿಯಾ ಎಂಬ ಪದ ಮನೆಮಾತಾಯಿತಾದರೂ ಆ ಅವಧಿಯಲ್ಲಿ ದೊರೆಯುತ್ತಿದ್ದ ರಿಯಾಯಿತಿಗಳೆಲ್ಲ ಆಯಾ ಪರೀಕ್ಷಾ ಮಂಡಳಿಗಳ ಆದೇಶಗಳನ್ನೇ ಅವಲಂಬಿಸಿದ್ದವು.

ಏನಿದು ಕಲಿಕಾ ನ್ಯೂನತೆ?

2016ರ ಕಾನೂನು ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯೂ ಒಂದು. ಮಾತಿನ ಅಥವಾ ಬರಹದ ಭಾಷೆಯನ್ನು ಗ್ರಹಿಸಿ ಸಂಸ್ಕರಿಸುವುದರಲ್ಲಿನ ಕೊರತೆಯಿಂದ ಓದು, ಬರಹ, ಕಾಗುಣಿತ ಅಥವಾ ಲೆಕ್ಕದಲ್ಲಿ ತೊಡಕು ಕಾಣಿಸಿಕೊಳ್ಳುವುದು ಇದರ ಲಕ್ಷಣ. ಓದಿನ ತೊಡಕಾದ ಡಿಸ್ಲೆಕ್ಸಿಯಾ, ಬರಹದ ತೊಡಕಾದ ಡಿಸ್ಗ್ರಾಫಿಯಾ, ಲೆಕ್ಕದ ತೊಡಕಾದ ಡಿಸ್ಕ್ಯಾಲ್ಕುಲಿಯಾ ಇದರ ಪರಿಚಿತ ರೂಪಗಳು. ಬುದ್ಧಿಶಕ್ತಿಯ ಕೊರತೆ ಇದಲ್ಲ.

ಕನ್ನಡ ಓದುವ ಮಗುವಿನಲ್ಲಿ ಈ ತೊಡಕು ಇಂಗ್ಲಿಷ್ ಪುಸ್ತಕಗಳು ವರ್ಣಿಸುವ ರೀತಿಯಲ್ಲಿಯೇ ಕಾಣಿಸಬೇಕೆಂದಿಲ್ಲ. ಬರೆದಂತೆ ಓದುವ, ಓದಿದಂತೆ ಬರೆಯುವ ಲಿಪಿ ನಮ್ಮದು. ಆದರೆ ಅಕ್ಷರಗಳ ಸಂಖ್ಯೆ ದೊಡ್ಡದು. ಗುಣಿತಾಕ್ಷರ, ಒತ್ತಕ್ಷರಗಳು ಸೇರಿದರೆ ನೂರಾರು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷ್ ವರ್ಣಮಾಲೆಯಂತೆ ಒಂದೆರಡು ವರ್ಷದಲ್ಲಿ ಮುಗಿಯದೆ ಕನ್ನಡದ ಅಕ್ಷರಜ್ಞಾನ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ತೋರಿಸಿತು. ಹಾಗಾಗಿ ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಗಾಬರಿಯಾಗಬೇಕಿಲ್ಲ. ಐದನೆಯ ತರಗತಿಯಲ್ಲೂ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಆರಂಭವನ್ನು ಮರೆಯುವ, ಅಲ್ಪಪ್ರಾಣ ಮಹಾಪ್ರಾಣಗಳನ್ನೂ ಹ್ರಸ್ವ ದೀರ್ಘಗಳನ್ನೂ ಪದೇ ಪದೇ ಅದಲುಬದಲು ಮಾಡುವ, ಆದರೆ ಅದೇ ಪಾಠವನ್ನು ಓದಿ ಹೇಳಿದರೆ ಥಟ್ಟನೆ ಉತ್ತರಿಸುವ ಮಗುವನ್ನು ಮಾತ್ರ ತಜ್ಞರ ಬಳಿ ಕರೆದೊಯ್ಯುವುದು ಒಳಿತು.

ಅರೇಬಿಕ್ ಲಿಪಿಯ ಕಷ್ಟ ಬೇರೆ ಬಗೆಯದು. ಅಲ್ಲಿರುವುದು 28 ಅಕ್ಷರಗಳು ಮಾತ್ರ. ಆದರೆ ‘ಬಾ’, ‘ತಾ’, ‘ಥಾ’ ಎಂಬ ಮೂರು ಅಕ್ಷರಗಳ ಮೈ ಒಂದೇ. ಕೆಳಗೆ ಒಂದು ಚುಕ್ಕೆಯಿದ್ದರೆ ‘ಬಾ’, ಮೇಲೆ ಎರಡಿದ್ದರೆ ‘ತಾ’, ಮೂರಿದ್ದರೆ ‘ಥಾ’. ಅದೇ ಅಕ್ಷರ ಪದದ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಬೇರೆ ಬೇರೆ ಆಕಾರ ತಾಳುತ್ತದೆ. ಹ್ರಸ್ವ ಸ್ವರಗಳ ಚಿಹ್ನೆಗಳು ಕುರ್‌ಆನ್ ಪ್ರತಿಗಳಲ್ಲಿಯೂ ಮಕ್ಕಳ ಪಾಠಗಳಲ್ಲಿಯೂ ಇರುತ್ತವೆ, ಸಾಮಾನ್ಯ ಬರಹದಲ್ಲಿ ಮಾಯವಾಗುತ್ತವೆ. ಹೈಫಾ ವಿಶ್ವವಿದ್ಯಾಲಯದ ರಫೀಕ್ ಇಬ್ರಾಹಿಂ ಮತ್ತು ಜೊಹಾರ್ ಇವಿಯಾಟರ್ ನಡೆಸಿದ ಸರಣಿ ಅಧ್ಯಯನಗಳು, ಅರೇಬಿಕ್ ಮಾತೃಭಾಷೆಯವರಲ್ಲಿಯೂ ಈ ದೃಶ್ಯ ಸಂಕೀರ್ಣತೆ ಅಕ್ಷರ ಗುರುತಿಸುವ ವೇಗವನ್ನು ತಗ್ಗಿಸುತ್ತದೆಂದು ಹೇಳಿವೆ. ಮಾತೃಭಾಷೆಯವರ ಪಾಡೇ ಹೀಗಿರುವಾಗ ಹಾನುಬಾಳಿನ ಮಗುವಿನ ಪಾಡನ್ನು ಊಹಿಸಬಹುದು.

ವಯಸ್ಸಿನ ಲೆಕ್ಕಾಚಾರ

ವಿನಾಯಿತಿಗೆ ಬೇಕಾದ ಮೂಲ ದಾಖಲೆ ವೈಕಲ್ಯ ಪ್ರಮಾಣಪತ್ರ. ಅದನ್ನು ನೀಡುವ ಕ್ರಮವನ್ನು ಕೇಂದ್ರ ಸರಕಾರ 2018ರ ಜನವರಿ 4ರ ಅಧಿಸೂಚನೆಯಲ್ಲಿ ನಿಗದಿಪಡಿಸಿತು. 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿಗಳು ಪರಿಷ್ಕೃತಗೊಂಡವು. ಪೋಷಕರು ಮರೆಯಬಾರದ ಮೂರು ಅಂಕಿಗಳು 2018ರ ಅಧಿಸೂಚನೆಯಲ್ಲಿವೆ: 8, 14 ಮತ್ತು 18. ಎಂಟು ವರ್ಷ ತುಂಬುವ ಮೊದಲು ಪ್ರಮಾಣಪತ್ರ ದೊರೆಯದು. ಹದಿನಾಲ್ಕಕ್ಕೆ ಮತ್ತೊಮ್ಮೆ ಪರೀಕ್ಷೆಗೊಳಪಡಬೇಕು. ಹದಿನೆಂಟಕ್ಕೆ ಪಡೆದದ್ದು ಜೀವನಪರ್ಯಂತ ಊರ್ಜಿತ.

ಈ ಅಂಕಿಗಳನ್ನು ಕರ್ನಾಟಕದ ಶಾಲಾ ವ್ಯವಸ್ಥೆಯ ಪಕ್ಕದಲ್ಲಿಟ್ಟು ನೋಡಿದಾಗ ಅವುಗಳ ಅರ್ಥ ತಿಳಿಯುತ್ತದೆ. ಎಂಟು ವರ್ಷವೆಂದರೆ ಸುಮಾರು ಮೂರನೆಯ ತರಗತಿ. ತೃತೀಯ ಭಾಷೆ ಆರಂಭವಾಗುವುದು ಆರನೆಯ ತರಗತಿಯಲ್ಲಿ. ನಡುವೆ ಸಿಗುವ ಮೂರು ವರ್ಷಗಳಲ್ಲಿ ಪ್ರಮಾಣಪತ್ರ ಕೈಗೆ ಬಂದರೆ ಮಗು ಮತ್ತೊಂದು ಲಿಪಿಯ ಹೊರೆಯನ್ನು ಹೊರುವ ಮೊದಲೇ ವಿನಾಯಿತಿ ಕೇಳಬಹುದು. ವಾಸ್ತವದಲ್ಲಿ ಬಹಳಷ್ಟು ಕುಟುಂಬಗಳು ಎಚ್ಚರಗೊಳ್ಳುವುದು ಒಂಬತ್ತನೆಯ ಅಥವಾ ಹತ್ತನೆಯ ತರಗತಿಯಲ್ಲಿ, ಅದೂ ಶಾಲೆಯವರು ಫಲಿತಾಂಶದ ಚಿಂತೆಯಿಂದ ಕರೆದು ಹೇಳಿದಾಗ. ಅಷ್ಟರಲ್ಲಿ ಮಗು ನಾಲ್ಕು ವರ್ಷ ಅನುತ್ತೀರ್ಣತೆಯ ಅವಮಾನವನ್ನು ನುಂಗಿರುತ್ತದೆ. ಇನ್ನೊಂದು ಎಡವಟ್ಟೂ ಉಂಟು. ಒಂಬತ್ತನೆಯ ವಯಸ್ಸಿನಲ್ಲಿ ಪ್ರಮಾಣಪತ್ರ ಪಡೆದವರು ಹದಿನಾಲ್ಕಕ್ಕೆ ನವೀಕರಿಸಬೇಕೆಂಬುದನ್ನು ಮರೆತರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಆ ಕಾಗದ ಉಪಯೋಗಕ್ಕೆ ಬಾರದು.

ಮದ್ರಸದ ಅರೇಬಿಕ್ ಪಾಠ ಈ ಗಡುವುಗಳಿಗಿಂತಲೂ ಮೊದಲೇ, ಐದಾರು ವರ್ಷದಲ್ಲಿಯೇ ಆರಂಭವಾಗುತ್ತದೆ. ಅಂದರೆ ತೊಡಕಿನ ಮೊದಲ ಸುಳಿವು ಸಿಗುವುದು ಶಾಲೆಯ ಶಿಕ್ಷಕರಿಗಿಂತ ಮುಂಚೆ ಮದ್ರಸದ ಉಸ್ತಾದರಿಗೆ ಇರಬಹುದು. ಬಾಯಿಪಾಠದಲ್ಲಿ ಮುಂದಿದ್ದು ಪುಟ ತೆರೆದೊಡನೆ ಹಿಂದೆ ಬೀಳುವ ಹುಡುಗನ ಬಗ್ಗೆ ಅವರು ಮನೆಯವರಿಗೆ ಒಂದು ಮಾತು ಹೇಳಿದರೆ ಎಷ್ಟೋ ವರ್ಷ ಉಳಿಯುತ್ತದೆ.

ಹಾಸನದವರೆಗಿನ ಓಡಾಟ

2018ರ ಅಧಿಸೂಚನೆಯ ಪ್ರಕಾರ ಮೊದಲ ಹೆಜ್ಜೆ ಶಾಲೆಯಲ್ಲಿಯೇ ಇಡಬೇಕಾದದ್ದು. ಮುಖ್ಯೋಪಾಧ್ಯಾಯರ ನೇತೃತ್ವದ ತಪಾಸಣಾ ಸಮಿತಿ ಇರಬೇಕು. ಮೂರನೆಯ ತರಗತಿಯಲ್ಲಿ ಅಥವಾ ಎಂಟನೆಯ ವಯಸ್ಸಿನಲ್ಲಿ ಶಿಕ್ಷಕರು ನಿಗದಿತ ಪ್ರಶ್ನಾವಳಿ ತುಂಬಿ, ಸಂಶಯವಿದ್ದರೆ ಪೋಷಕರೊಡನೆ ಮಾತನಾಡಿ ಮಕ್ಕಳ ತಜ್ಞರಲ್ಲಿಗೆ ಕಳುಹಿಸಬೇಕು. ಮಕ್ಕಳ ತಜ್ಞರು ದೃಷ್ಟಿ, ಶ್ರವಣ ಹಾಗೂ ನರಸಂಬಂಧಿ ತೊಂದರೆಗಳನ್ನು ಪರಿಶೀಲಿಸುತ್ತಾರೆ. ಬಳಿಕ ಮನಃಶಾಸ್ತ್ರಜ್ಞರಿಂದ ಬುದ್ಧಿಮಾಪನ, ತದನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷೆ.

ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಜಿಲ್ಲೆಯ ದೊಡ್ಡ ಸರಕಾರಿ ಆಸ್ಪತ್ರೆಯೊಡನೆ ಅಲ್ಲಿದೆ. ಭಾಷೆ ಮತ್ತು ಓದಿನ ಸೂಕ್ಷ್ಮ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರಾದುದು; ಕೆ.ಎಸ್. ಪ್ರೇಮಾ ಅವರು ರೂಪಿಸಿದ, ಕನ್ನಡ ಓದಿನ ಮಟ್ಟವನ್ನು ಅಳೆಯುವ ಪರೀಕ್ಷೆ ಅಲ್ಲಿಯದೇ. ನಕ್ಷೆಯಲ್ಲಿ ಇದೆಲ್ಲ ಹತ್ತಿರ. ಆದರೆ ತೋಟದ ಲೈನ್ ಮನೆಯಿಂದ ಹೊರಟು ಎರಡು ಬಸ್ಸು ಬದಲಿಸಿ ಹಾಸನ ಸೇರುವ ಕೂಲಿಯವನಿಗೆ ಪ್ರತಿ ಭೇಟಿಯೂ ಒಂದು ದಿನದ ಸಂಬಳ. ಬುದ್ಧಿಮಾಪನ, ಕಲಿಕಾ ಪರೀಕ್ಷೆ, ಮಂಡಳಿಯ ಸಭೆ ಒಂದೇ ದಿನ ಮುಗಿಯುವಂಥವಲ್ಲ. ಮುಂಗಾರಿನಲ್ಲಿ ಮಲೆನಾಡಿನ ರಸ್ತೆಗಳ ಪಾಡು, ಕಾಫಿ ಕೊಯ್ಲಿನ ತಿಂಗಳುಗಳ ದುಡಿಮೆ ಎರಡನ್ನೂ ಕಳೆದರೆ ಉಳಿಯುವ ದಿನಗಳು ಕಡಿಮೆ. ಕಾನೂನು ಕೊಟ್ಟ ವಿನಾಯಿತಿ ಗುಡ್ಡಗಾಡಿನ ತಾಲ್ಲೂಕುಗಳಲ್ಲಿ ಕೈತಪ್ಪುವುದು ಸಾಮಾನ್ಯವಾಗಿ ಈ ಹಂತದಲ್ಲಿಯೇ, ಯಾರೂ ನಿರಾಕರಿಸದೆ.

ಅರ್ಜಿಯನ್ನು ವಾಸಸ್ಥಳದ ಜಿಲ್ಲೆಯಲ್ಲಿ, ವಿಶಿಷ್ಟ ಗುರುತಿನ ಚೀಟಿಯ ಯುಡಿಐಡಿ ಜಾಲತಾಣದ ಮೂಲಕ ಸಲ್ಲಿಸಬೇಕು. ಪ್ರಮಾಣಪತ್ರ ನೀಡಲು 2017ರ ನಿಯಮಗಳು ಒಂದು ತಿಂಗಳ ಗಡುವು ವಿಧಿಸಿದ್ದವು. 2024ರ ಅಕ್ಟೋಬರ್ ತಿದ್ದುಪಡಿಯಲ್ಲಿ ಅದು ಮೂರು ತಿಂಗಳಾಯಿತು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಕಾನೂನಿನ 59ನೆಯ ಕಲಮಿನಲ್ಲಿ ಅವಕಾಶವಿದೆ.

ಪರೀಕ್ಷೆಯ ಭಾಷೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮನೆಯಲ್ಲಿ ಬ್ಯಾರಿ, ತಮಿಳು ಅಥವಾ ಅಸ್ಸಾಮಿ ಮಾತನಾಡುವ ಮಗುವನ್ನು ಅದಕ್ಕೆ ಚೆನ್ನಾಗಿ ಬಾರದ ಭಾಷೆಯಲ್ಲಿ ಪರೀಕ್ಷಿಸಿದರೆ ಭಾಷೆಯ ಅಪರಿಚಯವೇ ನ್ಯೂನತೆಯಾಗಿ ತೋರಬಹುದು; ಅಥವಾ ನಿಜವಾದ ನ್ಯೂನತೆಯನ್ನು ‘ಭಾಷೆ ಬಾರದ್ದಕ್ಕೆ’ ಎಂದು ತಳ್ಳಿಹಾಕಬಹುದು. ಮನೆಮಾತು ಯಾವುದು, ಶಾಲೆ ಎಷ್ಟು ಬಾರಿ ಬದಲಾಗಿದೆ ಎಂಬುದನ್ನು ಪೋಷಕರು ತಾವಾಗಿಯೇ ಹೇಳುವುದು ಲೇಸು. ಇನ್ನೊಂದು ಗುಂಪಿನ ಮಕ್ಕಳಿದ್ದಾರೆ, ಅವರ ಪಾಡು ಇನ್ನೂ ಕಠಿಣ. 2018ರ ಅಧಿಸೂಚನೆಯು ಬುದ್ಧಿಮಾಪನದಲ್ಲಿ 85ಕ್ಕಿಂತ ಮೇಲಿದ್ದವರನ್ನು ಮಾತ್ರ ಕಲಿಕಾ ನ್ಯೂನತೆಯ ಪರೀಕ್ಷೆಗೆ ಒಳಪಡಿಸಿತು. ಬೌದ್ಧಿಕ ವೈಕಲ್ಯದ ಮಿತಿಯಾದ 70ಕ್ಕೂ ಈ 85ಕ್ಕೂ ನಡುವೆ ಸಿಲುಕಿದ ‘ನಿಧಾನ ಕಲಿಕೆ’ಯ ಮಗುವಿಗೆ ಯಾವ ಪ್ರಮಾಣಪತ್ರವೂ ಇಲ್ಲ, ಹಾಗಾಗಿ ವಿನಾಯಿತಿಯೂ ಇಲ್ಲ. ಕಷ್ಟ ಮಾತ್ರ ಅದಕ್ಕೂ ಅಷ್ಟೇ ಇದೆ.

ಶೇಕಡಾ 40ರಷ್ಟು ವೈಕಲ್ಯವಿದ್ದರೆ ಮಾತ್ರ ಸೌಲಭ್ಯವೆಂದು ಕೆಲವು ಶಾಲೆಗಳು ಹೇಳುವುದುಂಟು. 17ನೆಯ ಕಲಮಿನಲ್ಲಿ ಆ ಮಾನದಂಡವಿಲ್ಲ. ಬರಹಗಾರನ ನೆರವಿನ ಕುರಿತಾದ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ನೀಡಿದ ತೀರ್ಪು ಕೂಡ, ಪರೀಕ್ಷೆಯಲ್ಲಿನ ಸೂಕ್ತ ಹೊಂದಾಣಿಕೆಯನ್ನು ಶೇ. 40ರ ಗೆರೆಗೆ ಕಟ್ಟಿಹಾಕಲಾಗದೆಂದು ಸ್ಪಷ್ಟಪಡಿಸಿತು.

ಅರೇಬಿಕ್ ಎಲ್ಲಿ ಕಡ್ಡಾಯ?

ಕರ್ನಾಟಕದ ಎಸ್ಸೆಸ್ಸೆಲ್ಸಿ ಪದ್ಧತಿಯಲ್ಲಿ ಅರೇಬಿಕ್ ತೃತೀಯ ಭಾಷೆಯಾಗಿ ಹಿಂದಿ, ಸಂಸ್ಕೃತ, ಉರ್ದು, ಪರ್ಷಿಯನ್, ಕೊಂಕಣಿ, ತುಳು ಭಾಷೆಗಳ ಸಾಲಿನಲ್ಲಿ ಬಂದಿದೆ. ಕಾಗದದಲ್ಲಿ ಇದು ಆಯ್ಕೆ. ಒಂದೇ ಭಾಷೆಯ ಶಿಕ್ಷಕರಿರುವ ಶಾಲೆಯಲ್ಲಿ ಆಯ್ಕೆಯೇ ಕಡ್ಡಾಯವಾಗುತ್ತದೆ. ಮಂಡಳಿಯ ವಿಷಯವಾಗಿ ಓದುವ ಅರೇಬಿಕ್‌ಗೂ ಹಿಂದಿಗೂ ವಿನಾಯಿತಿಯ ದೃಷ್ಟಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಪ್ರಮಾಣಪತ್ರದೊಡನೆ ಮುಖ್ಯೋಪಾಧ್ಯಾಯರ ಮೂಲಕ, ಪರೀಕ್ಷಾ ನೋಂದಣಿಯ ಕಾಲಕ್ಕೆ ಮುಂಚೆ, ಲಿಖಿತ ಅರ್ಜಿ ಸಲ್ಲಿಸಬೇಕು. ಭಾಷಾ ವಿನಾಯಿತಿಯ ಹೊರತಾಗಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಹೆಚ್ಚುವರಿ ಸಮಯ, ಬರಹಗಾರ, ಹಾಗೂ ಗಣಿತ, ವಿಜ್ಞಾನಗಳ ಬದಲಿಗೆ ಸಮಾಜಶಾಸ್ತ್ರ, ರಾಜ್ಯಶಾಸ್ತ್ರದಂತಹ ಪರ್ಯಾಯ ವಿಷಯಗಳೂ ಮಂಡಳಿಯ ವ್ಯವಸ್ಥೆಯಲ್ಲಿವೆ. ಸಿಬಿಎಸ್‌ಇ ಶಾಲೆಗಳಲ್ಲಿ ಇಂತಹ ಮಕ್ಕಳಿಗೆ ಎರಡರ ಬದಲು ಒಂದೇ ಭಾಷೆ ಓದಲು, ಐಸಿಎಸ್‌ಇಯಲ್ಲಿ ದ್ವಿತೀಯ ಭಾಷೆಯಿಂದ ವಿನಾಯಿತಿ ಪಡೆಯಲು ಅವಕಾಶವಿದೆ.

ಆಡಳಿತ ಮಂಡಳಿಯೊಂದು ತನ್ನ ಶಾಲೆಯಲ್ಲಿ ಪಠ್ಯಕ್ರಮದ ಹೊರಗೆ ಅರೇಬಿಕ್ ಅಥವಾ ಧಾರ್ಮಿಕ ಪಾಠವನ್ನು ಎಲ್ಲರಿಗೂ ಇಟ್ಟಿದ್ದರೆ ವಿಷಯ ಬೇರೆಯಾಗುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಒಳಪಡಿಸುವಂತಿಲ್ಲವೆಂದು ಸಂವಿಧಾನದ 28(3)ನೆಯ ವಿಧಿ ಹೇಳುತ್ತದೆ. ಅದನ್ನು ಧರ್ಮಬೋಧೆಯೆಂದು ಕರೆಯದೆ ಭಾಷಾಪಾಠವೆಂದರೆ, ಮಗುವಿನ ತೊಡಕಿಗೆ ಹೊಂದಾಣಿಕೆ ಮಾಡಬೇಕಾದ 16ನೆಯ ಕಲಮಿನ ಕರ್ತವ್ಯ ಆ ಶಾಲೆಯ ಮೇಲಿರುತ್ತದೆ.

ಮದ್ರಸ ಇವೆರಡರ ಹೊರಗಿನದು. ಧಾರ್ಮಿಕ ಶಿಕ್ಷಣವನ್ನೇ ಮುಖ್ಯವಾಗಿ ನೀಡುವ ಮದ್ರಸ ಹಾಗೂ ವೇದ ಪಾಠಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದೆಂದು 2012ರ ತಿದ್ದುಪಡಿಯಲ್ಲಿ ಹೇಳಲಾಗಿದೆ. ಅಲ್ಲಿ ಕಾನೂನಿನ ಪುಸ್ತಕ ಹಿಡಿದು ಹೋಗುವುದರಲ್ಲಿ ಅರ್ಥವಿಲ್ಲ, ಅದರ ಅಗತ್ಯವೂ ಕಾಣದು. ಕುರ್‌ಆನ್ ಕಲಿಕೆಯ ಪರಂಪರೆ ಮೂಲತಃ ಕಿವಿ ಮತ್ತು ನಾಲಗೆಯದು. ಗುರುವಿನ ಬಾಯಿಂದ ಕೇಳಿ ಹೇಳುವುದು ಅದರ ಜೀವಾಳ. ಕಷ್ಟಪಟ್ಟು ತಡವರಿಸುತ್ತ ಓದುವವನಿಗೆ ಇಮ್ಮಡಿ ಪುಣ್ಯವೆಂಬ ಹದೀಸ್ ಮದ್ರಸಗಳಲ್ಲಿ ಚಿರಪರಿಚಿತ. ಬರಹದ ಪರೀಕ್ಷೆಯನ್ನು ಬಿಟ್ಟು ಬಾಯಿಪಾಠಕ್ಕೆ ಮಾತ್ರ ಅಂಕ ನೀಡುವಂತೆ, ಎಲ್ಲರೆದುರು ನಿಲ್ಲಿಸಿ ಓದಿಸದಂತೆ ತಂದೆತಾಯಿ ಉಸ್ತಾದರನ್ನು ಕೇಳಿಕೊಂಡರೆ ಅದು ಪರಂಪರೆಗೆ ವಿರುದ್ಧವಾದ ಬೇಡಿಕೆಯೇನಲ್ಲ.

ಗಡಿಯಾಚೆಯ ಕಾಸರಗೋಡಿನಲ್ಲಿ ಕೇರಳ ಸರಕಾರದ ಶಾಲೆಗಳೇ ಅರೇಬಿಕ್ ಕಲಿಸುತ್ತವೆ. ಅಲ್ಲಿ ಪ್ರಥಮ ಭಾಷೆಯ ಮೊದಲ ಪತ್ರಿಕೆಗೆ ಮಲಯಾಳಂ, ಕನ್ನಡ, ಅರೇಬಿಕ್, ಉರ್ದು, ಸಂಸ್ಕೃತಗಳ ನಡುವೆ ಆರಿಸಿಕೊಳ್ಳಬಹುದಾದ್ದರಿಂದ, ತೊಡಕಿರುವ ಮಗುವಿನ ಪೋಷಕರು ವಿನಾಯಿತಿ ಕೇಳುವ ಬದಲು ಆರಂಭದಲ್ಲಿಯೇ ಮನೆಗೆ ಹತ್ತಿರದ ಭಾಷೆಯನ್ನು ಆರಿಸಬಹುದು.

ಅರೇಬಿಕ್ ನಿಜಾರ್ಥದಲ್ಲಿ ಕಡ್ಡಾಯವಾಗಿರುವುದು ಕೊಲ್ಲಿಯಲ್ಲಿ. ಮಲೆನಾಡು, ಕರಾವಳಿಗಳಿಂದ ಹೋದ ಕುಟುಂಬಗಳ ಮಕ್ಕಳು ಸಂಯುಕ್ತ ಅರಬ್ ಎಮಿರೇಟ್ಸ್‌ನ ಖಾಸಗಿ ಶಾಲೆಗಳಲ್ಲಿ ಒಂದರಿಂದ ಒಂಬತ್ತನೆಯ ತರಗತಿಯವರೆಗೆ ಅರೇಬಿಕ್ ಓದಲೇಬೇಕು. ಶಾಲೆ ಭಾರತೀಯ ಪಠ್ಯಕ್ರಮದ್ದಾದರೂ ಇದರಿಂದ ಬಿಡುಗಡೆಯಿಲ್ಲ. ವಿಶೇಷ ಅಗತ್ಯವುಳ್ಳವರ ಹಕ್ಕುಗಳಿಗಾಗಿ ಅಲ್ಲಿ 2006ರಲ್ಲಿ 29ನೆಯ ಸಂಖ್ಯೆಯ ಒಕ್ಕೂಟ ಕಾನೂನು ಬಂದಿದೆ. ತಜ್ಞರ ವರದಿಯೊಡನೆ ಶಾಲೆಯ ಮೂಲಕ ಶಿಕ್ಷಣ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುವುದು ಕ್ರಮ. ಊರಿಗೆ ಮರಳುವ ಕುಟುಂಬ ಒಂದನ್ನು ನೆನಪಿಡಬೇಕು: ದುಬೈಯ ವರದಿ ಇಲ್ಲಿನ ವೈಕಲ್ಯ ಪ್ರಮಾಣಪತ್ರಕ್ಕೆ ಪರ್ಯಾಯವಾಗದು. ಭಾರತದ ಅಧಿಸೂಚಿತ ವೈದ್ಯಕೀಯ ಪ್ರಾಧಿಕಾರವೇ ಅದನ್ನು ನೀಡಬೇಕು. ಹಳೆಯ ವರದಿ ಕಡತದಲ್ಲಿದ್ದರೆ ತಜ್ಞರಿಗೆ ಮಗುವಿನ ಹಿನ್ನೆಲೆ ತಿಳಿಯಲು ನೆರವಾಗುತ್ತದೆ.

ಯಾವ ಭಾಷೆಯನ್ನು ಬಿಡಬೇಕು?

ವಿನಾಯಿತಿ ದೊರೆಯುವುದೆಂದ ಮಾತ್ರಕ್ಕೆ ಅಂಕ ಕಡಿಮೆ ಬರುವ ಭಾಷೆಯನ್ನೇ ಕೈಬಿಡುವುದು ಜಾಣತನವಲ್ಲ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದೆ. ರಾಜ್ಯ ಸರಕಾರಿ ಹುದ್ದೆಗಳಿಗೆ ಕನ್ನಡದ ಅರಿವು ಬೇಕು. ಬ್ಯಾಂಕು, ನಾಡಕಚೇರಿ, ಬಸ್ಸಿನ ಫಲಕ ಎಲ್ಲೆಡೆಯೂ ಈ ಮಗು ಬದುಕಬೇಕಾದ ಭಾಷೆ ಅದು. ಸುತ್ತ ಕೇಳಿಬರದ, ಲಿಪಿಯೂ ಹೊಸದಾದ ಭಾಷೆಯಿಂದ ವಿನಾಯಿತಿ ಪಡೆದು ಕನ್ನಡಕ್ಕೆ ಹೆಚ್ಚುವರಿ ಸಮಯ ಹಾಗೂ ಬರಹಗಾರನ ನೆರವನ್ನು ಬಳಸಿಕೊಳ್ಳುವುದು ಬಹುಪಾಲು ಮಕ್ಕಳಿಗೆ ಹಿತ. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ ಎಲ್ಲ ಮಕ್ಕಳಿಗೂ ದ್ವಿಭಾಷಾ ಸೂತ್ರವನ್ನೇ ಶಿಫಾರಸು ಮಾಡಿತು ಎಂಬುದು ಈ ಸಂದರ್ಭದಲ್ಲಿ ಗಮನಾರ್ಹ.

ವಿನಾಯಿತಿ ಸಿಕ್ಕ ಬಳಿಕದ ಪ್ರಶ್ನೆಯನ್ನು ಕೇಳುವವರು ವಿರಳ. ತೃತೀಯ ಭಾಷೆಯ ಪಿರಿಯಡ್‌ನಲ್ಲಿ ಮಗು ಏನು ಮಾಡಬೇಕು? ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಿಸಿದರೆ ಅಥವಾ ಮೈದಾನಕ್ಕೆ ಕಳುಹಿಸಿದರೆ ವಿನಾಯಿತಿಯ ಅರ್ಧ ಪ್ರಯೋಜನ ಹೋಯಿತು. ಸಹಪಾಠಿಗಳ ನಡುವೆ ಹೊಸದೊಂದು ಹಣೆಪಟ್ಟಿಯೂ ಅಂಟಿಕೊಂಡಿತು. ಆ ಅವಧಿ ಪರಿಹಾರ ಬೋಧನೆಗೆ ಸಲ್ಲಬೇಕಾದದ್ದು: ಕನ್ನಡದ ಗುಣಿತ, ಒತ್ತಕ್ಷರಗಳನ್ನು ಧ್ವನಿಯೊಡನೆ ಬೆಸೆದು ಮತ್ತೆ ಮತ್ತೆ ತಿದ್ದಿಸುವ, ಕಿವಿಯಿಂದ ಕೇಳಿ ಕಣ್ಣಿನಿಂದ ಹಿಂಬಾಲಿಸುವ ಅಭ್ಯಾಸಕ್ಕೆ. ಸರಕಾರಿ ಶಾಲೆಗಳಿಗೆ ಈ ಕೆಲಸಕ್ಕಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳ ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಇಬ್ಬರೋ ಮೂವರೋ ಶಿಕ್ಷಕರಿರುವ, ದೂರದೂರಕ್ಕೆ ಚದುರಿದ ಮಲೆನಾಡಿನ ಶಾಲೆಗಳನ್ನು ಅವರು ವಾರಕ್ಕೊಮ್ಮೆ ತಲುಪುವುದೂ ಕಷ್ಟ. ಹಾ‍ಗಾಗಿ ವಿನಾಯಿತಿಯ ಅರ್ಜಿಯಲ್ಲಿಯೇ, ಬಿಡುವಾಗುವ ಆ ಪಿರಿಯಡ್‌ನಲ್ಲಿ ಯಾರು, ಏನನ್ನು ಕಲಿಸುತ್ತಾರೆಂಬುದನ್ನು ಶಾಲೆ ಬರೆದುಕೊಡಬೇಕೆಂದು ಪೋಷಕರು ಕೇಳಬಹುದು. ಉತ್ತರ ಬಾರದಿದ್ದರೆ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು.